ಬೆತ್ತವೂ ಬೇಡ, ಬರೀ ಮುದ್ದೂ ಸಾಲದು

‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ?’ ಎನ್ನುತ್ತಾರೆ ಹಿರಿಯರು. ಬಗ್ಗಿಸುವುದು ಸರಿಯೇ, ಹೇಗೆ ಎಂಬುದು ಪ್ರಶ್ನೆ.

ಗಣಿತದಲ್ಲಿ ಫೇಲಾದ ಹುಡುಗ ಅಂಕಪಟ್ಟಿ ಹಿಡಿದು ಮನೆಗೆ ಬಂದನೆನ್ನಿ. ಒಂದು ಮನೆಯಲ್ಲಿ ಅಪ್ಪನ ಕೈ ಬೆಲ್ಟಿನತ್ತ ಹೋಗುತ್ತದೆ. ಇನ್ನೊಂದರಲ್ಲಿ ಅಮ್ಮ ‘ಹೋಗಲಿ ಬಿಡು ಕಂದಾ’ ಎಂದು ಟಿ.ವಿ. ಹಾಕಿಕೊಡುತ್ತಾಳೆ. ಮೂರನೆಯ ಮನೆಯಲ್ಲಿ ಉತ್ತರಪತ್ರಿಕೆ ಬಿಚ್ಚಿ, ಎಲ್ಲಿ ತಪ್ಪಿತೆಂದು ವಿಚಾರಿಸಿ, ‘ನಾಳೆಯಿಂದ ಆಟಕ್ಕೆ ಮುನ್ನ ಅರ್ಧ ಗಂಟೆ ಲೆಕ್ಕ’ ಎಂದು ನಿಯಮ ಮಾಡುತ್ತಾರೆ.

ಅಮೆರಿಕದ ಮನಶ್ಶಾಸ್ತ್ರಜ್ಞೆ ಡಯಾನಾ ಬೌಮ್‌ರಿಂಡ್ 1960ರ ದಶಕದಲ್ಲಿ ಗುರುತಿಸಿದ್ದು ಇಂಥ ಮೂರು ಬಗೆಗಳನ್ನೇ: ದರ್ಪ, ಸಡಿಲು ಮತ್ತು ಅಕ್ಕರೆಯೊಡನೆ ಕಟ್ಟುನಿಟ್ಟು. 1983ರಲ್ಲಿ ಎಲೀನರ್ ಮಕಾಬಿ ಮತ್ತು ಜಾನ್ ಮಾರ್ಟಿನ್ ನಾಲ್ಕನೆಯದನ್ನು ಸೇರಿಸಿದರು. ಅದು, ಅಂಕಪಟ್ಟಿ ನೋಡದೆಯೇ ಸಹಿ ಹಾಕುವಂಥ ನಿರ್ಲಕ್ಷ್ಯ.

ಏಟಿನಿಂದ ಮಗು ಲೆಕ್ಕ ಕಲಿಯುವುದಿಲ್ಲ. ಮುಂದಿನ ಸಲ ಅಪ್ಪನ ಸಹಿಯನ್ನು ತಾನೇ ಹಾಕುವುದನ್ನು ಕಲಿಯುತ್ತದೆ. ಇಂದು ಅಂಕ ಮುಚ್ಚಿಟ್ಟ ಮಗು ನಾಳೆ ದೊಡ್ಡ ತೊಂದರೆಯಲ್ಲಿ ಸಿಕ್ಕಿದರೂ ಬಾಯಿ ಬಿಡದು. ಭಯದ ನಿಜವಾದ ಬೆಲೆ ಇದು.

ಮನೆಯಲ್ಲೂ ಮಕ್ಕಳನ್ನು ಹೊಡೆಯಕೂಡದೆಂದು ಮೊದಲು ಕಾನೂನು ಮಾಡಿದ ದೇಶ ಸ್ವೀಡನ್, 1979ರಲ್ಲಿ. ನಮ್ಮ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಶಾಲೆಯಲ್ಲಿ ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳ ಎರಡನ್ನೂ ನಿಷೇಧಿಸಿದೆ. ಮೇಷ್ಟರು ಕೆಳಗಿಟ್ಟ ಬೆತ್ತವನ್ನು ಅಪ್ಪ ಎತ್ತಿಕೊಳ್ಳುವುದೇಕೆ?

ತಂದೆತಾಯಿಗಳೇ, ನಿಯಮಗಳು ಕೆಲವೇ ಇರಲಿ. ಕಾರಣ ಹೇಳಿ, ದಿನಕ್ಕೊಂದರಂತೆ ಬದಲಿಸಬೇಡಿ. ಅಪ್ಪ ಬೇಡವೆಂದುದಕ್ಕೆ ಅಮ್ಮ ಗುಟ್ಟಾಗಿ ಹೂಂಗುಟ್ಟುವುದೂ ಬೇಡ. ವಿದ್ಯಾರ್ಥಿಗಳೇ, ಅಂಕ ಕಡಿಮೆ ಬಂದರೆ ಅಂದೇ ಹೇಳಿಬಿಡಿ. ಮುಚ್ಚಿಟ್ಟಷ್ಟೂ ಹೇಳುವುದು ಕಷ್ಟವಾಗುತ್ತದೆ.