ಫೋನಿನಲ್ಲಿ ಡಾಕ್ಟರ್: ನಾವು ಹೇಗೆ ಸಿದ್ಧರಾಗಬೇಕು?



ಕಳೆದ ಮಳೆಗಾಲದಲ್ಲಿ ನಮ್ಮ ಶಿವಮೊಗ್ಗ ಕಡೆಯ ಒಂದು ತಾಂಡಾಕ್ಕೆ ಸಂಘದ ಸಭೆಗೆಂದು ಹೋಗಿದ್ದೆ. ಉಳಿತಾಯದ ಲೆಕ್ಕ ಮುಗಿದ ಮೇಲೆ ಒಬ್ಬ ಅಕ್ಕ ನನ್ನ ಪಕ್ಕಕ್ಕೆ ಬಂದು ಕೂತರು. "ಸಿಸ್ಟರ್, ಕಂಪ್ಯೂಟರ್ ಡಾಕ್ಟ್ರಿಗೆ ತೋರಿಸ್ದೆ. ಮಾತ್ರೆನೂ ನುಂಗ್ದೆ. ಏನೂ ಕಮ್ಮಿ ಆಗ್ಲಿಲ್ಲ" ಅಂದರು. ಉಪಕೇಂದ್ರದಲ್ಲಿ ಅವರನ್ನು ವಿಡಿಯೋ ಮೂಲಕ ವೈದ್ಯರ ಜೊತೆ ಮಾತಾಡಿಸಿದ್ದರು. ಅವರ ಮನೆಮಾತು ಲಂಬಾಣಿ, ಕನ್ನಡ ಅಷ್ಟಕ್ಕಷ್ಟೇ. ಹಾಗಾಗಿ ಕಾಲೇಜಿಗೆ ಹೋಗುವ ಮಗ ಪಕ್ಕದಲ್ಲಿ ಕೂತು ಅಮ್ಮನ ಮಾತನ್ನು ಕನ್ನಡದಲ್ಲಿ ಹೇಳಿದ. ಸೊಂಟ ನೋವು, ಸುಸ್ತು. ವೈದ್ಯರಿಗೆ ತಲುಪಿದ್ದು ಇಷ್ಟೇ.

ನಿಜವಾದ ತೊಂದರೆ ಬೇರೆಯೇ ಇತ್ತು. ಮುಟ್ಟು ನಿಂತು ಎರಡು ವರ್ಷ ಆದ ಮೇಲೆ ಅವರಿಗೆ ಮತ್ತೆ ರಕ್ತ ಕಾಣಿಸಿತ್ತು. ಮಗನ ಮುಂದೆ ಆ ತಾಯಿ ಅದನ್ನು ಹೇಗೆ ಹೇಳಿಯಾರು? ಹೇಳಲಿಲ್ಲ. ವೈದ್ಯರೂ ಕೇಳಲಿಲ್ಲ, ಅಥವಾ ಕೇಳಿದ್ದನ್ನು ಮಗ ಅಮ್ಮನಿಗೆ ದಾಟಿಸಲಿಲ್ಲ. ಮುಟ್ಟು ಪೂರ್ತಿ ನಿಂತು ಒಂದು ವರ್ಷ ಕಳೆದ ಮೇಲೆ ಸ್ವಲ್ಪವೇ ರಕ್ತ ಕಂಡರೂ ಅದನ್ನು ಪರೀಕ್ಷೆ ಮಾಡಿಸಲೇಬೇಕು. ಎಷ್ಟೋ ಸಲ ಅದು ಸಣ್ಣ ಕಾರಣದಿಂದ ಆಗಿರುತ್ತದೆ, ಆದರೆ ಗರ್ಭಕೋಶದ ಕ್ಯಾನ್ಸರಿನ ಮೊದಲ ಸೂಚನೆಯೂ ಆಗಿರಬಹುದು. ಆ ಒಂದು ಮಾತು ವೈದ್ಯರ ಕಿವಿಗೆ ಬಿದ್ದಿದ್ದರೆ ಅವತ್ತೇ ಆಸ್ಪತ್ರೆಗೆ ಬನ್ನಿ ಎನ್ನುತ್ತಿದ್ದರು.

ಅಂದು ಯಂತ್ರ ಸರಿ ಇತ್ತು, ನೆಟ್‌ವರ್ಕೂ ಇತ್ತು. ಹೇಳಬೇಕಾದ ಮಾತು ಮಾತ್ರ ಹೋಗಿ ಮುಟ್ಟಲಿಲ್ಲ. ಈ ವಿಷಯ ಬರೆಯಬೇಕು ಎಂದು ನನಗೆ ಅನ್ನಿಸಿದ್ದು ಅದಕ್ಕೇ.

ದೂರದಿಂದಲೇ ವೈದ್ಯರ ಸಲಹೆ ಪಡೆಯುವುದು ನಮ್ಮ ರಾಜ್ಯಕ್ಕೆ ಹೊಸದಲ್ಲ. 2002ರಲ್ಲೇ ಇಸ್ರೋದ ಉಪಗ್ರಹದ ನೆರವಿನಿಂದ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನೂ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಯನ್ನೂ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಿದ್ದರು. ಈಗ ದೇಶದ ತುಂಬ ಇರುವುದು ಇ-ಸಂಜೀವಿನಿ ಎಂಬ ಕೇಂದ್ರ ಸರ್ಕಾರದ ಉಚಿತ ಸೇವೆ. 2019ರ ನವೆಂಬರಿನಲ್ಲಿ ಆರೋಗ್ಯ ಕೇಂದ್ರಗಳ ಮೂಲಕ ಇದು ಶುರುವಾಯಿತು. ಕೊರೊನಾ ಲಾಕ್‌ಡೌನ್ ಬಂದಾಗ, 2020ರ ಏಪ್ರಿಲ್ 13ರಿಂದ, ಮನೆಯಲ್ಲಿ ಕೂತು ಫೋನಿನಲ್ಲೇ ವೈದ್ಯರನ್ನು ಕಾಣುವ ಏರ್ಪಾಡೂ ಆಯಿತು.

ಹಾಗಾಗಿ ಈಗ ಎರಡು ದಾರಿ ಇವೆ. ಒಂದು, ನಮ್ಮದೇ ಸ್ಮಾರ್ಟ್‌ಫೋನಿನಿಂದ. ಇನ್ನೊಂದು, ಊರಿನ ಆಯುಷ್ಮಾನ್ ಆರೋಗ್ಯ ಮಂದಿರಕ್ಕೆ, ಅಂದರೆ ನಾವು ಇವತ್ತಿಗೂ ಉಪಕೇಂದ್ರ ಎಂದೇ ಕರೆಯುವ ಜಾಗಕ್ಕೆ ಹೋಗಿ, ಅಲ್ಲಿರುವ ಸಮುದಾಯ ಆರೋಗ್ಯ ಅಧಿಕಾರಿಯ ಮೂಲಕ. ನಮ್ಮ ಸಂಘಗಳ ಹೆಚ್ಚಿನವರಿಗೆ ಎರಡನೆಯದೇ ಒಳ್ಳೆಯದು ಎಂದು ನನ್ನ ಅಭಿಪ್ರಾಯ. ಅಲ್ಲಿ ಬಿಪಿ, ಸಕ್ಕರೆ ನೋಡಿ ಅದನ್ನು ವೈದ್ಯರಿಗೆ ತಿಳಿಸುವವರು ಒಬ್ಬರಿರುತ್ತಾರೆ. ಬರೀ ಫೋನಿನಲ್ಲಿ ಆ ಅನುಕೂಲ ಇಲ್ಲ.

ಫೋನ್ ವಿಷಯ ಬಂತಲ್ಲ, ಒಂದು ಮಾತು ಹೇಳಿಬಿಡುತ್ತೇನೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ತಾನೇ ಬಳಸುವ ಮೊಬೈಲ್ ಇದ್ದ ಹೆಂಗಸರು ನೂರಕ್ಕೆ 54. ಒಮ್ಮೆಯಾದರೂ ಇಂಟರ್‌ನೆಟ್ ಬಳಸಿದ ಹೆಂಗಸರು ನೂರಕ್ಕೆ ಸುಮಾರು 33, ಗಂಡಸರು 57. ಅದಾದ ಮೇಲೆ ಫೋನ್ ಹೆಚ್ಚಿವೆ, ನಿಜ. ಆದರೂ ಮನೆಯಲ್ಲಿ ಫೋನ್ ಇದೆ ಅನ್ನುವುದೇ ಬೇರೆ, ಫೋನ್ ನನ್ನ ಕೈಯಲ್ಲಿದೆ ಅನ್ನುವುದೇ ಬೇರೆ. ಗಂಡ ಕೆಲಸಕ್ಕೆ ಹೋದರೆ ಫೋನೂ ಹೋಯಿತು. ಅವರೆದುರೇ ಮಾತಾಡಬೇಕೆಂದರೆ ಅರ್ಧ ಮಾತು ಗಂಟಲಲ್ಲೇ ಉಳಿಯಿತು. ಹೌದಲ್ವಾ?

ಇನ್ನು ನಾವು ಆಡುವ ಮಾತು. ನಮ್ಮ ಸಂಘಗಳಲ್ಲಿ ಕನ್ನಡದವರಿದ್ದಾರೆ, ಲಂಬಾಣಿ, ಉರ್ದು, ತಮಿಳು, ಕೊಂಕಣಿ ಮಾತಾಡುವವರೂ ಇದ್ದಾರೆ. ಪರದೆಯ ಆಚೆ ಇರುವ ವೈದ್ಯರು ಎಲ್ಲಿಯವರೋ. ಕನ್ನಡ ಬಂದರೂ ನಮ್ಮ ಊರ ಕನ್ನಡ ಅವರಿಗೆ ಬರಬೇಕೆಂದಿಲ್ಲ. "ಮೈಯೆಲ್ಲ ಉಷ್ಣ ಆಗಿದೆ" ಎಂದು ನಾವು ಹೇಳುತ್ತೇವೆ. ಒಬ್ಬರಿಗೆ ಅದು ಉರಿಮೂತ್ರ, ಇನ್ನೊಬ್ಬರಿಗೆ ಬಾಯಿಹುಣ್ಣು, ಮತ್ತೊಬ್ಬರಿಗೆ ಬಿಳಿ ಸೆರಗು. ವೈದ್ಯರು ಅದನ್ನು ಜ್ವರ ಎಂದು ಬರೆದುಕೊಂಡರೆ ಅವರ ತಪ್ಪೇನು? "ಎದೆ ಹಿಡ್ಕೊಂಡಂಗೆ, ಗ್ಯಾಸ್ ಇರ್ಬೇಕು" ಎನ್ನುವುದೂ ಹಾಗೆಯೇ. ಗ್ಯಾಸ್ ಎಂದು ನಾವೇ ತೀರ್ಮಾನ ಮಾಡಿ ಹೇಳಿದರೆ ಹೃದಯದ ತೊಂದರೆ ಅದರ ಹಿಂದೆ ಅಡಗಿ ಕೂರಬಹುದು. ಕಾಯಿಲೆಯ ಹೆಸರು ಹೇಳುವುದು ವೈದ್ಯರ ಕೆಲಸ. ನಾವು ಹೇಳಬೇಕಾದದ್ದು ಎಲ್ಲಿ ನೋವು, ಎಷ್ಟು ದಿನದಿಂದ, ಯಾವಾಗ ಜಾಸ್ತಿ, ಜೊತೆಗೆ ಬೇರೆ ಏನಾಗುತ್ತಿದೆ ಎಂಬುದನ್ನು. ಉರಿ ಎಂದರೆ ಎಲ್ಲಿ ಉರಿ? ಸುಸ್ತು ಎಂದರೆ ಮೊದಲು ಎರಡು ಕೊಡ ನೀರು ತರುತ್ತಿದ್ದವಳು ಈಗ ಒಂದಕ್ಕೇ ಏದುಸಿರು ಬಿಡುತ್ತಿದ್ದೇನೆ ಎಂದು ಹೇಳಿ, ಅವರಿಗೆ ಥಟ್ಟನೆ ಅರ್ಥವಾಗುತ್ತದೆ.

ನಾವಿರುವ ಜಾಗವನ್ನೂ ಹೇಳಬೇಕು. ಮಂಗನ ಕಾಯಿಲೆಯನ್ನು ಮೊದಲು ಗುರುತಿಸಿದ್ದು 1957ರಲ್ಲಿ ನಮ್ಮದೇ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಮಲೆನಾಡಿನವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಆದರೆ ದೂರದಲ್ಲಿ ಕೂತ ವೈದ್ಯರಿಗೆ ನೀವು ದರಗು ತರಲು ಕಾಡಿಗೆ ಹೋಗಿದ್ದು, ಉಣುಗು ಕಚ್ಚಿದ್ದು, ಹತ್ತಿರದಲ್ಲಿ ಮಂಗ ಸತ್ತು ಬಿದ್ದಿದ್ದು ಹೇಗೆ ಗೊತ್ತಾಗಬೇಕು? ಅವರ ಕಣ್ಣಿಗೆ ಅದು ಬರೀ ಜ್ವರ. ಬೇಸಿಗೆಯಲ್ಲಿ ಕಾಡಂಚಿನ ಊರಿನಲ್ಲಿ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಫೋನನ್ನೇ ನಂಬಿ ಕೂರಬೇಡಿ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ರಕ್ತ ಪರೀಕ್ಷೆ ಮಾಡಿಸಿ.

ಭಾಷೆ ಬಾರದವರ ಪರವಾಗಿ ಮಾತಾಡಲು ಯಾರು ಕೂರಬೇಕು? ಇದನ್ನು ಸಂಘಗಳು ಸಭೆಯಲ್ಲಿ ಕೂತು ನಿರ್ಧರಿಸಬೇಕು ಎಂದು ನನ್ನ ಕೋರಿಕೆ. ಹೆಂಗಸರ ಕಾಯಿಲೆಗೆ ಮಗ, ಗಂಡ, ಮೈದುನ ಬೇಡ. ಚಿಕ್ಕ ಮಕ್ಕಳಂತೂ ಬೇಡವೇ ಬೇಡ. ಎರಡೂ ಭಾಷೆ ಬಲ್ಲ, ಬಾಯಿ ಬಿಗಿ ಇರುವ ಒಬ್ಬ ಸದಸ್ಯೆಯನ್ನು ಗೊತ್ತು ಮಾಡಿಕೊಳ್ಳಿ. ಆಶಾ ಕಾರ್ಯಕರ್ತೆ ಅದೇ ಭಾಷೆಯವರಾದರೆ ಇನ್ನೂ ಒಳ್ಳೆಯದು. ಆಕೆ ತನ್ನ ಕಡೆಯಿಂದ ಏನನ್ನೂ ಸೇರಿಸಬಾರದು, ನಾಚಿಕೆ ಎಂದು ಏನನ್ನೂ ಬಿಡಲೂಬಾರದು. ವೈದ್ಯರು ಹೇಳಿದ್ದನ್ನು ರೋಗಿಯ ಬಾಯಲ್ಲಿ ಒಮ್ಮೆ ತಿರುಗಿ ಹೇಳಿಸಬೇಕು: ಯಾವ ಮಾತ್ರೆ, ಊಟಕ್ಕೆ ಮೊದಲೋ ನಂತರವೋ, ಎಷ್ಟು ದಿನ. ಅಲ್ಲಿ ಕೇಳಿದ್ದು ನೀರಿನ ನಲ್ಲಿಯ ಹತ್ತಿರ ಸುದ್ದಿಯಾದರೆ ಮುಂದಿನ ಸಲ ಯಾರೂ ಆಕೆಯನ್ನು ಕರೆಯುವುದಿಲ್ಲ. ವಿಡಿಯೋದಲ್ಲಿ ನಿಮ್ಮ ಸುತ್ತ ಯಾರೆಲ್ಲ ನಿಂತಿದ್ದಾರೆ ಎಂದು ವೈದ್ಯರಿಗೆ ಪೂರ್ತಿ ಕಾಣುವುದಿಲ್ಲ. "ಸ್ವಲ್ಪ ಬಾಗಿಲು ಹಾಕಿ" ಎಂದು ಕೇಳುವ ಹಕ್ಕು ನಿಮಗಿದೆ.

ಹೋಗುವಾಗ ನುಂಗುತ್ತಿರುವ ಮಾತ್ರೆಗಳ ಪಟ್ಟಿಯನ್ನೇ, ಅಂದರೆ ಖಾಲಿಯಾದ ಸ್ಟ್ರಿಪ್ಪನ್ನೇ, ಚೀಲಕ್ಕೆ ಹಾಕಿಕೊಳ್ಳಿ. "ಕೆಂಪು ಮಾತ್ರೆ, ಬಿಳಿ ಮಾತ್ರೆ" ಎಂದರೆ ಯಾವ ವೈದ್ಯರಿಗೂ ತಿಳಿಯದು. ಹಳೆಯ ಚೀಟಿ, ಬಸುರಿಯಾದರೆ ತಾಯಿ ಕಾರ್ಡ್, ನಾಟಿ ಔಷಧ ತಗೊಂಡಿದ್ದರೆ ಅದರ ವಿವರವೂ ಬೇಕು. ನಾಟಿ ಔಷಧ ಎಂದರೆ ಬೈಯುತ್ತಾರೆ ಎಂದು ಮುಚ್ಚಿಡುವವರು ಬಹಳ. ಬೈದರೆ ಬೈಯಲಿ, ಹೇಳಿಬಿಡಿ.

ಈ ಸೇವೆಗೆ ಕಾನೂನು ಇದೆಯಾ ಎಂದು ಹಲವರು ಕೇಳಿದ್ದೀರಿ. 2020ರ ಮಾರ್ಚ್ 25ರಂದು ಕೇಂದ್ರ ಸರ್ಕಾರ ಇದಕ್ಕೆ ಮಾರ್ಗಸೂಚಿ ಹೊರಡಿಸಿದೆ. ನೋಂದಾಯಿತ ವೈದ್ಯರೇ ಮಾತಾಡಬೇಕು, ಚೀಟಿಯಲ್ಲಿ ಅವರ ನೋಂದಣಿ ಸಂಖ್ಯೆ ಇರಬೇಕು. ಚಟ ಹಿಡಿಸುವ ಕೆಲವು ಔಷಧಗಳನ್ನು ದೂರದಿಂದ ಬರೆಯುವ ಹಾಗೇ ಇಲ್ಲ. ಮುಟ್ಟಿ ನೋಡಬೇಕು ಅನ್ನಿಸಿದರೆ ವೈದ್ಯರು ಆಸ್ಪತ್ರೆಗೆ ಬನ್ನಿ ಎನ್ನಬಹುದು. ನಿಮಗೆ ಸಮಾಧಾನ ಆಗದಿದ್ದರೆ ನೀವೂ ಅಷ್ಟಕ್ಕೇ ನಿಲ್ಲಿಸಿ ಆಸ್ಪತ್ರೆಗೆ ಹೋಗಬಹುದು. ಇ-ಸಂಜೀವಿನಿಗೆ ನಿಮ್ಮ ಮೊಬೈಲಿನಿಂದ ಸೇರುವಾಗ ಒಂದು ಓಟಿಪಿ ಬರುತ್ತದೆ, ಅದನ್ನು ನೀವೇ ಅಲ್ಲಿ ಹಾಕಬೇಕು. ಆದರೆ ಯಾರಾದರೂ ಫೋನ್ ಮಾಡಿ ಡಾಕ್ಟರ್ ಫೀಸು, ಬ್ಯಾಂಕ್ ನಂಬರು, ಓಟಿಪಿ ಕೇಳಿದರೆ ಅದು ಮೋಸ. ಫೋನ್ ಇಟ್ಟುಬಿಡಿ.

ಎದೆನೋವು, ಉಸಿರಾಟದ ಕಷ್ಟ, ಮುಖ ಸೊಟ್ಟಗಾಗಿ ಮಾತು ತೊದಲುವುದು, ಬಸುರಿಗೆ ರಕ್ತಸ್ರಾವ, ಫಿಟ್ಸ್, ಹಾವು ಕಚ್ಚುವುದು, ಎಳೆಗೂಸು ಹಾಲು ಬಿಡುವುದು, ಇವಕ್ಕೆಲ್ಲ ವಿಡಿಯೋ ಡಾಕ್ಟರನ್ನು ಹುಡುಕುತ್ತಾ ಕೂರಬೇಡಿ. 108ಕ್ಕೆ ಕರೆ ಮಾಡಿ ಹೊರಡಿ.

ಮನಸ್ಸಿನ ಕಷ್ಟಕ್ಕೆ ಮಾತ್ರ ಫೋನೇ ಎಷ್ಟೋ ವಾಸಿ ಎಂದು ನನಗೆ ಅನ್ನಿಸಿದೆ. ಮುಖ ತೋರಿಸಬೇಕಾಗಿಲ್ಲ, ಬಟನ್ ಫೋನ್ ಇದ್ದರೂ ಸಾಕು. 14416 ಎಂಬುದು ಟೆಲಿ-ಮಾನಸ್ ಸಹಾಯವಾಣಿ. 2022ರ ಅಕ್ಟೋಬರ್ 10ರಂದು ಶುರುವಾಯಿತು, ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಇದಕ್ಕೆ ಮುಖ್ಯ ಕೇಂದ್ರ. ಹಗಲು ರಾತ್ರಿ ಉಚಿತ, ಕನ್ನಡವೂ ಸೇರಿ 20 ಭಾಷೆಗಳಲ್ಲಿ ಸಿಗುತ್ತದೆ. ನಿದ್ದೆ ಬಾರದವರು, ಸಾಲದ ಚಿಂತೆಯಲ್ಲಿ ಸಾಯಬೇಕು ಅನ್ನಿಸುವವರು, ಮನೆಯವರ ಕುಡಿತದಿಂದ ನೊಂದವರು ಕರೆ ಮಾಡಬಹುದು. ಈ ನಂಬರನ್ನು ಸಂಘದ ಪಾಸ್‌ಪುಸ್ತಕದ ಹಿಂದೆ ಬರೆದುಕೊಳ್ಳಿ.

ತಾಂಡಾದ ಆ ಅಕ್ಕನನ್ನು ಮುಂದಿನ ವಾರ ಸಂಘದ ಇನ್ನೊಬ್ಬ ಸದಸ್ಯೆ ಉಪಕೇಂದ್ರಕ್ಕೆ ಕರೆದುಕೊಂಡು ಹೋದರು. ಮಗ ಹೊರಗೆ ಬೈಕಿನ ಮೇಲೆ ಕೂತಿದ್ದ. ಒಳಗೆ ಎಲ್ಲ ಮಾತೂ ಆಯಿತು. ವೈದ್ಯರು ಕೂಡಲೇ ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟರು. ಸ್ಕ್ಯಾನಿಂಗ್ ಆಗಿ, ಗರ್ಭಕೋಶದ ಒಳಗಿನ ತುಣುಕು ತೆಗೆದು ಪರೀಕ್ಷೆಗೆ ಕಳಿಸಿದರು. ವರದಿ ಬರುವ ತನಕ ಹದಿನೈದು ದಿನ ನಮ್ಮಲ್ಲಿ ಯಾರಿಗೂ ಸರಿಯಾಗಿ ನಿದ್ದೆ ಇರಲಿಲ್ಲ. ಕ್ಯಾನ್ಸರ್ ಅಲ್ಲ, ಸಣ್ಣ ಗಡ್ಡೆ ಎಂದು ಬಂತು, ಅದನ್ನು ತೆಗೆದಿದ್ದಾರೆ. ಈಗ ಆ ತಾಂಡಾದಲ್ಲಿ ಯಾರಿಗಾದರೂ ವಿಡಿಯೋ ಡಾಕ್ಟರ್ ಹತ್ತಿರ ಮಾತಾಡಬೇಕಾದರೆ, ಲಂಬಾಣಿಯಿಂದ ಕನ್ನಡಕ್ಕೆ ಹೇಳಿಕೊಡಲು ಆ ಅಕ್ಕನ ಜೊತೆಗೆ ಹೋಗಿದ್ದ ಸದಸ್ಯೆಯನ್ನೇ ಕರೆಯುತ್ತಾರೆ. ಆಕೆಯ ಕೂಲಿ ತಪ್ಪಿದ ದಿನಕ್ಕೆ ಸಂಘದ ನಿಧಿಯಿಂದ ಬಸ್ ಖರ್ಚೂ ಊಟದ ಖರ್ಚೂ ಕೊಡುವುದೆಂದು ಠರಾವು ಬರೆದಿದ್ದಾರೆ.