ಬಾಗಿಲಲ್ಲಿ ನಿಂತ ಅಪರಿಚಿತ

ಒಬ್ಬ ವ್ಯಕ್ತಿಯನ್ನು ಮೊದಲ ನೋಟದಲ್ಲೇ ನಾವು ಎಷ್ಟು ಅರಿಯಬಲ್ಲೆವು? ಫ್ರಾನ್ಸಿನ ಸಾಹಿತಿ ವಿಕ್ಟರ್ ಹ್ಯೂಗೊ 1862ರಲ್ಲಿ ಪ್ರಕಟಿಸಿದ 'ಲೆ ಮಿಸರಾಬ್ಲ್' ಕಾದಂಬರಿಯನ್ನು ಓದುವಾಗ ಈ ಪ್ರಶ್ನೆ ನಮ್ಮನ್ನು ಬಿಡದೆ ಕಾಡುತ್ತದೆ.

'ದ ಬಿಷಪ್ಸ್ ಕ್ಯಾಂಡಲ್‌ಸ್ಟಿಕ್ಸ್' ಎಂಬ ಕಿರುನಾಟಕವನ್ನು ನಮ್ಮಲ್ಲಿ ಹಲವರು ಶಾಲೆಯ ಇಂಗ್ಲಿಷ್ ಪಠ್ಯದಲ್ಲಿ ಓದಿರಬಹುದು. ಅದರ ಮೂಲ ಈ ಕಾದಂಬರಿಯೇ. ಆದರೆ ನಾಟಕದಲ್ಲಿ ಅಪರಿಚಿತನು ಚಾಕು ಹಿಡಿದೇ ಒಳಗೆ ಬರುತ್ತಾನೆ. ಅವನು ಎಂಥವನೆಂದು ಕೂಡಲೇ ತಿಳಿದುಬಿಡುತ್ತದೆ. ಕಾದಂಬರಿ ಅಷ್ಟು ಬೇಗ ಗುಟ್ಟು ಬಿಟ್ಟುಕೊಡುವುದಿಲ್ಲ.

ಹೆಸರಿಲ್ಲದ ದಾರಿಹೋಕ

1815ರ ಅಕ್ಟೋಬರ್ ತಿಂಗಳ ಒಂದು ಸಂಜೆ. ದಿನ್ಯ ಎಂಬ ಪುಟ್ಟ ಊರಿಗೆ ಒಬ್ಬ ಮನುಷ್ಯ ನಡೆದು ಬರುತ್ತಾನೆ. ವಯಸ್ಸು 46-48 ಇರಬಹುದು, ಗಟ್ಟಿಮುಟ್ಟಾದ ಆಳು. ಬೋಳಿಸಿದ ತಲೆ, ಉದ್ದನೆಯ ಗಡ್ಡ, ತೇಪೆ ಹಾಕಿದ ಅಂಗಿ, ಮೊಣಕಾಲ ಬಳಿ ತೂತುಬಿದ್ದ ಪ್ಯಾಂಟು, ಬೆನ್ನಿಗೊಂದು ಚೀಲ, ಕೈಯಲ್ಲಿ ಗಂಟುಗಂಟಾದ ದೊಡ್ಡ ಕೋಲು. ಜನ ಕಿಟಕಿ ಬಾಗಿಲುಗಳಲ್ಲಿ ನಿಂತು ಅಳುಕಿನಿಂದ ನೋಡುತ್ತಾರೆ. ಓದುವ ನಮಗೂ ಆ ಊರಿನವರಿಗಿಂತ ಹೆಚ್ಚೇನೂ ಗೊತ್ತಿಲ್ಲ. ಲೇಖಕರು ಅವನ ಹೆಸರನ್ನೂ ಹೇಳುವುದಿಲ್ಲ. ನಿಜ ಹೇಳಬೇಕೆಂದರೆ, ಈ ಪುಟಗಳಲ್ಲಿ ನಮಗೂ ಅವನ ಬಗ್ಗೆ ಹೆದರಿಕೆಯೇ ಆಗುತ್ತದೆ.

ಅವನ ಬಳಿ ದುಡ್ಡಿದೆ, ಊಟಕ್ಕೆ ಕೊಡಲು ಸಿದ್ಧನಿದ್ದಾನೆ. ಆದರೂ ಛತ್ರದವನು ಮೊದಲು ಪುರಸಭೆಗೆ ಚೀಟಿ ಕಳಿಸಿ ವಿಚಾರಿಸುತ್ತಾನೆ, ಆಮೇಲೆ ಜಾಗವಿಲ್ಲ ಎನ್ನುತ್ತಾನೆ. ಇನ್ನೊಂದು ಛತ್ರದಲ್ಲೂ ಅದೇ ಕಥೆ. ಸೆರೆಮನೆಯ ಬಾಗಿಲೂ ತೆರೆಯುವುದಿಲ್ಲ. ಗುಡಿಸಲೆಂದು ತಿಳಿದು ನುಸುಳಿದರೆ ಅದು ನಾಯಿಗೂಡು, ನಾಯಿಯೂ ಅಟ್ಟುತ್ತದೆ. ಇಷ್ಟು ಹೊತ್ತಿಗೆ ನಮ್ಮ ಹೆದರಿಕೆ ಎಲ್ಲೋ ಕರಗಿ ಅಯ್ಯೋ ಅನ್ನಿಸತೊಡಗುತ್ತದೆ.

ಧರ್ಮಾಧ್ಯಕ್ಷರ ಮನೆ

ಕೊನೆಗೆ ಚರ್ಚಿನಿಂದ ಹೊರಬಂದ ಒಬ್ಬ ಹೆಂಗಸು ಅವನಿಗೆ ಒಂದು ಬಾಗಿಲನ್ನು ತೋರಿಸುತ್ತಾಳೆ. ಅದು ವೃದ್ಧ ಧರ್ಮಾಧ್ಯಕ್ಷ ಮಿರಿಯೆಲ್ ಅವರ ಮನೆ. ತಮ್ಮ ಅರಮನೆಯನ್ನು ಆಸ್ಪತ್ರೆಗೆ ಬಿಟ್ಟುಕೊಟ್ಟು, ಆಸ್ಪತ್ರೆಯಿದ್ದ ಚಿಕ್ಕ ಕಟ್ಟಡದಲ್ಲಿ ವಾಸಿಸುತ್ತಿದ್ದವರು ಅವರು. ಅಲೆಮಾರಿಯೊಬ್ಬ ಊರಲ್ಲಿ ತಿರುಗುತ್ತಿದ್ದಾನೆ, ಬಾಗಿಲಿಗೆ ಬೀಗ ಬೇಕೆಂದು ಮನೆಗೆಲಸದ ಮಗ್ಲುವಾರ್ ಅಮ್ಮ ಹೇಳುತ್ತಿರುವಾಗಲೇ ಅವನು ಒಳಗೆ ಬರುತ್ತಾನೆ.

ಬಂದವನು ತಾನೇ ಗಟ್ಟಿಯಾಗಿ ಹೇಳಿಬಿಡುತ್ತಾನೆ: ತನ್ನ ಹೆಸರು ಜಾನ್ ವಾಲ್ಜಾನ್, 19 ವರ್ಷ ಜೈಲಿನಲ್ಲಿದ್ದು ಬಂದವನು. ಧರ್ಮಾಧ್ಯಕ್ಷರು ಮಾಡಿದ್ದೇನು? ಊಟಕ್ಕೆ ಇನ್ನೊಂದು ತಟ್ಟೆ ಇಡಲು ಹೇಳಿದರು. ಹಾಸಿಗೆಗೆ ಬಿಳಿ ಹೊದಿಕೆ ಹಾಸಲು ಹೇಳಿದರು. ಮಾತಾಡಿಸುವಾಗಲೆಲ್ಲ ಅವನನ್ನು ಮರ್ಯಾದೆಯಿಂದಲೇ ಕರೆದರು. ಮುಂದೆ ನಮಗೆ ತಿಳಿಯುತ್ತದೆ: ಅಕ್ಕನ ಏಳು ಮಕ್ಕಳ ಹಸಿವಿಗಾಗಿ ಬ್ರೆಡ್ಡು ಕದ್ದುದಕ್ಕೆ 5 ವರ್ಷ, ತಪ್ಪಿಸಿಕೊಳ್ಳಲು ಯತ್ನಿಸಿದ್ದಕ್ಕೆ 14 ವರ್ಷ ಶಿಕ್ಷೆ.

ಅದೇ ರಾತ್ರಿ ಅವನು ಬೆಳ್ಳಿ ಪಾತ್ರೆಗಳನ್ನು ಕದ್ದು ಓಡುತ್ತಾನೆ. ಅಂದರೆ ಮಗ್ಲುವಾರ್ ಅಮ್ಮನ ಭಯ ಸುಳ್ಳಾಗಲಿಲ್ಲ! ಹ್ಯೂಗೊ ಅದನ್ನು ಮರೆಮಾಚುವುದಿಲ್ಲ. ಪೊಲೀಸರು ಹಿಡಿದು ತಂದಾಗ, ಬೆಳ್ಳಿಯನ್ನು ತಾವೇ ಕೊಟ್ಟದ್ದೆಂದು ಹೇಳಿ ಧರ್ಮಾಧ್ಯಕ್ಷರು ಬೆಳ್ಳಿಯ ಮೇಣದಬತ್ತಿ ಸ್ಟ್ಯಾಂಡುಗಳನ್ನೂ ಅವನ ಕೈಗಿತ್ತರು. ಆಗಲೂ ಅವನು ತಕ್ಷಣ ಬದಲಾಗಲಿಲ್ಲ. ದಾರಿಯಲ್ಲಿ ಒಬ್ಬ ಹುಡುಗನ ನಾಣ್ಯವನ್ನು ಕಸಿದುಕೊಂಡ ಮೇಲೆಯೇ ಅವನ ಕಣ್ಣೀರು ಹರಿದದ್ದು.

ಮತ್ತೆರಡು ಸಲ

ಹ್ಯೂಗೊ ಇದೇ ಮನುಷ್ಯನನ್ನು ಮತ್ತೆ ಅಪರಿಚಿತನನ್ನಾಗಿ ನಮ್ಮ ಮುಂದೆ ನಿಲ್ಲಿಸುತ್ತಾರೆ. 1815ರ ಡಿಸೆಂಬರಿನಲ್ಲಿ ಇನ್ನೊಂದು ಊರಿಗೆ ಒಬ್ಬ ಕೆಲಸಗಾರ ಬಂದ ಸಂಜೆಯೇ ಬೆಂಕಿ ಬಿತ್ತು. ಅವನು ಉರಿಯೊಳಗೆ ನುಗ್ಗಿ ಎರಡು ಮಕ್ಕಳನ್ನು ಉಳಿಸಿದ. ಆ ಸಂಭ್ರಮದಲ್ಲಿ ಅವನ ಪರವಾನಗಿ ಪತ್ರವನ್ನು ಕೇಳುವುದನ್ನೇ ಜನ ಮರೆತರು. ಮುಂದೆ ಅವನೇ ಆ ಊರಿನ ಮೇಯರ್ ಆದ. ಬಳಿಕ 1823ರ ಕ್ರಿಸ್ಮಸ್ ರಾತ್ರಿ, ಕತ್ತಲ ಕಾಡಿನಲ್ಲಿ ಭಾರದ ಬಕೆಟ್ ಹೊತ್ತ ಪುಟ್ಟ ಕೊಸೆಟ್‌ಳ ಕೈಯಿಂದ ಯಾರೋ ಅದನ್ನು ಎತ್ತಿಕೊಳ್ಳುತ್ತಾರೆ. ಮಗು ಹೆದರುವುದಿಲ್ಲ. ಅವನೂ ವಾಲ್ಜಾನನೇ.

ದಿನ್ಯದವರು ಮೊದಲು ಕಾಗದ ನೋಡಿದರು. ಧರ್ಮಾಧ್ಯಕ್ಷರು ಮೊದಲು ಹಸಿವನ್ನು ನೋಡಿದರು. ಮತ್ತಾಯನ ಶುಭಸಂದೇಶದ 25ನೇ ಅಧ್ಯಾಯದಲ್ಲಿ ಪ್ರಭು ಯೇಸು ಹಸಿದವರ, ಪರದೇಶಿಗಳ ಜೊತೆ ತಮ್ಮನ್ನು ಒಂದಾಗಿಸಿಕೊಂಡದ್ದು ಇಲ್ಲಿ ನೆನಪಾಗುತ್ತದೆ. ಅಪರಿಚಿತರ ಹಿಂದೆ ಹೋಗಬೇಡಿ ಎಂದು ಮಕ್ಕಳಿಗೆ ಹೇಳುವುದು ಸರಿಯೇ, ರಾತ್ರಿ ಬಾಗಿಲಿಗೆ ಚಿಲಕ ಹಾಕುವುದೂ ತಪ್ಪಲ್ಲ. ಆದರೆ ದೂರದ ರಾಜ್ಯದಿಂದ ಕೂಲಿಗೆ ಬಂದವರು ನೀರು ಕೇಳಿ ಅಂಗಳದಲ್ಲಿ ನಿಂತಾಗ, ಊರು-ಹೆಸರು ವಿಚಾರಿಸುವ ಮೊದಲು ಒಂದು ಚೊಂಬು ನೀರು ಕೊಡಲು ನಮ್ಮಿಂದಾಗದೇ?

ಈ ಅಧ್ಯಾಯಗಳನ್ನು ಮನೆಯಲ್ಲಿ ಮಕ್ಕಳಿಗೆ ಓದಿ ಹೇಳಿ. ನಾಯಿಗೂಡಿನ ಪ್ರಸಂಗ ಬಂದಾಗ ಸ್ವಲ್ಪ ನಿಲ್ಲಿಸಿ, ಅವನು ನಮ್ಮ ಬಾಗಿಲಿಗೆ ಬಂದಿದ್ದರೆ ಏನು ಮಾಡುತ್ತಿದ್ದೆವು ಎಂದು ಕೇಳಿ. ಅವರ ಉತ್ತರ ಕೇಳಿದ ಮೇಲೆ ಮುಂದಿನ ಪುಟ ತಿರುವೋಣ.