ಒಂದು ಮನೆಗೆ ಒಂದು ಸಾಲು

ಪರಸ್ಥಳದಲ್ಲಿ ನೆಲೆಸಿದ ನಮಗೆ ಸಂಘದ ಸದಸ್ಯರ ಯಾದಿಯೆಂದರೆ ಬರಿಯ ಹೆಸರುಗಳ ಪಟ್ಟಿಯಲ್ಲ. ಅದೇ ನಮ್ಮ ಊರು, ಅದೇ ನಮ್ಮ ಓಣಿ. ಅಪರಾತ್ರಿಯಲ್ಲಿ ರಕ್ತ ಬೇಕಾದಾಗ, ಊರಿನಿಂದ ಬಂದ ಹುಡುಗನಿಗೆ ಕೋಣೆ ಬೇಕಾದಾಗ ನಾವು ಮೊದಲು ತೆರೆಯುವುದು ಅದನ್ನೇ. ಹಿಂದೆ ಅದು ದಪ್ಪ ವಹಿಯಲ್ಲಿತ್ತು. ಈಗ ಗಣಕಯಂತ್ರದ ಎಕ್ಸೆಲ್ ಹಾಳೆಯಲ್ಲಿದೆ.

ಯಂತ್ರಕ್ಕೆ ಅಕ್ಷರದ ಗುರುತುಂಟು, ಮನುಷ್ಯರ ಗುರುತಿಲ್ಲ. ಸ್ವಾರಗೇಟವನ್ನೇ ನೋಡಿರಿ. ಒಬ್ಬರು ‘ಸ್ವಾರಗೇಟ’ ಎಂದೂ ಇನ್ನೊಬ್ಬರು ‘ಸ್ವಾರ್‌ಗೇಟ್’ ಎಂದೂ ಮತ್ತೊಬ್ಬರು ‘ಸ್ವರ್ಗೇಟ್’ ಎಂದೂ ಬರೆದರೆ ನಾವು ಬಸ್ಸಿಳಿಯುವ ಜಾಗ ಒಂದೇ. ಯಂತ್ರಕ್ಕೆ ಮಾತ್ರ ಅವು ಮೂರು ಊರು. ಹೆಸರಿನ ಪಾಡೂ ಅಷ್ಟೆ. ಕರ್ನಾಟಕದಲ್ಲಿ ಅನೇಕರಿಗೆ ಇನಿಷಿಯಲ್ ಮುಂದೆ. ಇಲ್ಲಿ ಮೊದಲು ತಮ್ಮ ಹೆಸರು, ಆಮೇಲೆ ತಂದೆಯದೋ ಗಂಡನದೋ ಹೆಸರು, ಕೊನೆಗೆ ಅಡ್ಡಹೆಸರು. ಹೀಗಾಗಿ ಒಬ್ಬರೇ ರಾಯರು ಎರಡು ಸಾಲುಗಳಲ್ಲಿ ಕುಳಿತಿರುತ್ತಾರೆ. ಅವರ ಶ್ರೀಮತಿಯವರು ಮೂರನೆಯದರಲ್ಲಿ. ಆ ಮನೆಗೆ ಪತ್ರಿಕೆಯ ಮೂರು ಪ್ರತಿ!

ಈ ಸಾಲುಗಳನ್ನು ಕೂಡಿಸಬೇಕು, ನಿಜ. ಆದರೆ ಕೂಡಿಸುವುದು ಬೇರೆ, ಅಳಿಸುವುದು ಬೇರೆ. ಎಕ್ಸೆಲ್‌ನಲ್ಲಿ ಚೌಕಗಳನ್ನು ‘ಮರ್ಜ್’ ಮಾಡಿದರೆ ಮೇಲಿನ ಎಡಚೌಕದ್ದು ಮಾತ್ರ ಉಳಿಯುತ್ತದೆ. ‘ರಿಮೂವ್ ಡುಪ್ಲಿಕೇಟ್ಸ್’ ಎಂದರೆ ಮೊದಲ ಸಾಲು ಉಳಿದು ಮಿಕ್ಕವು ಹೋಗುತ್ತವೆ. ಹಳೆಯ ಫೋನ್ ನಂಬರು ಮೇಲಿದ್ದು ಹೊಸದು ಕೆಳಗಿದ್ದರೆ, ಹೋಗುವುದು ಹೊಸದೇ!

ಸರಿಯಾದ ಕ್ರಮ ಹೀಗೆ. ಮೊದಲು ಯಾದಿಯ ಒಂದು ನಕಲು ತೆಗೆದಿಡಬೇಕು. ಊರು, ಹೆಸರುಗಳ ಬರವಣಿಗೆಯನ್ನು ಒಂದೇ ತೆರನಾಗಿ ತಿದ್ದಬೇಕು. ಬಳಿಕ ಪ್ರತಿಯೊಂದು ಮನೆಗೂ ಒಂದು ಸಂಖ್ಯೆ ಕೊಟ್ಟು, ಒಂದೇ ಸಂಖ್ಯೆಯ ಸಾಲುಗಳನ್ನು ಒಟ್ಟುಗೂಡಿಸಬೇಕು. ಎಕ್ಸೆಲ್ 2019 ಮತ್ತು ನಂತರದವುಗಳಲ್ಲಿ ‘ಟೆಕ್ಸ್ಟ್‌ಜಾಯಿನ್’ ಎಂಬ ಸೂತ್ರ ಹಲವು ಚೌಕಗಳ ಬರಹವನ್ನು ಅಲ್ಪವಿರಾಮ ಹಾಕಿ ಒಂದರಲ್ಲಿ ಪೋಣಿಸುತ್ತದೆ. ಡೇಟಾಬೇಸಿನಲ್ಲಿ ‘ಗ್ರೂಪ್ ಬೈ’ ಎಂಬ ಆಜ್ಞೆ ಗುಂಪುಗೂಡಿಸುತ್ತದೆ. ಪೋಣಿಸುವ ಕೆಲಸಕ್ಕೆ ಮೈಎಸ್‌ಕ್ಯುಎಲ್‌ನಲ್ಲಿ ‘ಗ್ರೂಪ್ ಕಾನ್‌ಕ್ಯಾಟ್’ ಉಂಟು.

ಇಲ್ಲಿಯೇ ಒಂದು ಅಪಾಯ. ಹೆಸರುಗಳನ್ನು ಒಂದು ಚೌಕದಲ್ಲೂ ರಕ್ತದ ಗುಂಪುಗಳನ್ನು ಇನ್ನೊಂದರಲ್ಲೂ ಪೋಣಿಸಿದೆವೆನ್ನಿ. ಅಜ್ಜಿಯ ಚೌಕ ಖಾಲಿಯಿದ್ದು, ಖಾಲಿಯನ್ನು ಬಿಟ್ಟುಬಿಡೆಂದು ಸೂತ್ರಕ್ಕೆ ಹೇಳಿದ್ದರೆ, ಮೊಮ್ಮಗನ ಗುಂಪು ಅಜ್ಜಿಯ ಎದುರಿಗೆ ಬಂದು ನಿಲ್ಲುತ್ತದೆ. ಆದುದರಿಂದ ಒಬ್ಬೊಬ್ಬರ ಹೆಸರನ್ನೂ ಅವರವರ ಗುಂಪನ್ನೂ ಮೊದಲು ಜೋಡಿಸಿ, ಅನಂತರವೇ ಮನೆಯ ಸಾಲಿಗೆ ತರಬೇಕು.

ಕೊನೆಯ ಮಾತು. ಒಂದೇ ಅಡ್ಡಹೆಸರಿನ ಎರಡು ಮನೆಗಳು ಒಂದೇ ವಠಾರದಲ್ಲಿರಬಹುದು. ಸಂಶಯ ಬಂದಲ್ಲಿ ಯಂತ್ರವನ್ನು ಕೇಳಬಾರದು, ಮನೆಯವರನ್ನೇ ಕೇಳಬೇಕು. ವಾಚಕರೇ, ಸಂಘದ ಕಾರ್ಯಕರ್ತರು ಫೋನ್ ಮಾಡಿ ‘ನಿಮ್ಮ ಮನೆಯಲ್ಲಿ ಯಾರು ಯಾರಿದ್ದೀರಿ?’ ಎಂದರೆ ಬೇಸರಿಸದೆ ಹೇಳಿರಿ. ಆ ಎರಡು ನಿಮಿಷದ ಮಾತು ಮುಂದೊಂದು ರಾತ್ರಿ ಯಾರದೋ ಮನೆಯ ದೀಪ ಕಾಯ್ದೀತು.